ಮೂರನೆಯ ಬಾವಿಗೆ ಇಳಿಯದ ಕಂದೀಲು

ಆಗೆಲ್ಲ ನಮ್ಮ ಕಡೆ ಫೆಬ್ರುವರಿ ಬಂತೆಂದರೆ ಮನೆಯಲ್ಲಿ ಎರಡು ಮಾತು ಒಟ್ಟಿಗೇ ಏಳುತ್ತಿದ್ದವು. ಬಾವಿಯ ನೀರು ಎಲ್ಲಿಗೆ ಇಳಿಯಿತು? ಪರೀಕ್ಷೆಗೆ ಎಷ್ಟು ದಿನ ಉಳಿಯಿತು? ಗಡಿಯಾಚೆಯ ನಮ್ಮ ಜತ್ತ ತಾಲ್ಲೂಕಿನಲ್ಲಿ ಬಾವಿ ಬತ್ತುವುದೂ ಬೋರ್ಡಿನ ಪರೀಕ್ಷೆ ಬರುವುದೂ ಒಂದೇ ಹೊತ್ತಿಗೆ. ಜೋಳ ಕೊಯ್ದು ಬಂದವರ ಮೈಗೆ ಮೆತ್ತಿದ ತೆನೆಯ ಸುಂಕಿನ ವಾಸನೆ, ಓಣಿಯಲ್ಲಿ ಯಾರೋ ಶೇಂಗಾ ಹುರಿಯುವ ವಾಸನೆ, ಮಾಡಗ್ಯಾಳದ ಕುರಿಗಳು ಹಾದುಹೋದ ಮೇಲೆ ಅರ್ಧ ತಾಸು ನಿಲ್ಲುತ್ತಿದ್ದ ಧೂಳಿನ ವಾಸನೆ. ಇವುಗಳ ನಡುವೆ ಕುಳಿತು ನಾವು ಗಣಿತ ಓದಿದೆವು. ಆದರೆ ಇಂದಿಗೂ ಪುಸ್ತಕದಲ್ಲಿ ಲಾಗ್ ಎಂಬುದು ಕಣ್ಣಿಗೆ ಬಿದ್ದರೆ ನನ್ನ ಮೂಗಿಗೆ ಬರುವುದು ಇವಾವುವೂ ಅಲ್ಲ, ಕೊಳೆತ ಕೆಸರಿನ ವಾಸನೆ. ಅದು ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗಾಗ ಹದಿನೇಳು. ಹನ್ನೆರಡನೆಯ ಇಯತ್ತೆ, ನಮ್ಮ ಕಡೆಯ ಮಾತಿನಲ್ಲಿ ಬಾರಾವಿ. ಹದಿನೇಳು ವರ್ಷಕ್ಕೆ ಎಂಥ ಬಾಲ್ಯ ಎಂದು ಕೇಳಬೇಡಿ. ನಾನೂ ನಸ್ರೀನಳೂ ಲೆಕ್ಕ ಬಿಡಿಸುವ ನಡುನಡುವೆ ಐದು ಹರಳು ಇಟ್ಟುಕೊಂಡು ಆಡುತ್ತಿದ್ದೆವು. ಲೆಕ್ಕ ತಪ್ಪಿದವಳು ಇನ್ನೊಬ್ಬಳಿಗೆ ಒಂದು ಹಿಡಿ ಹುರಿದ ಶೇಂಗಾ ಕೊಡಬೇಕು. ಹೆಚ್ಚಾಗಿ ಕೊಡುತ್ತಿದ್ದವಳು ನಾನೇ. ಬಾಲ್ಯ ಮುಗಿದದ್ದು ಆ ವರ್ಷವೇ, ಒಂದು ಬೆಳಗ್ಗೆ, ಎಂಟು ಗಂಟೆಯ ಸುಮಾರಿಗೆ.

ನಮ್ಮದು ಮುಚ್ಚಂಡಿಯ ಹತ್ತಿರದ ಒಂದು ವಸ್ತಿ, ಹೊಲಗಳ ನಡುವಿನ ನಾಲ್ಕಾರು ಮನೆ. ಮನೆಯ ಹಿಂದೆ ಬೇವಿನ ಮರ, ಮರದ ಕೆಳಗೆ ಬಾವಿ. ಒಂದು ಬಾವಿ ಎಂದರೆ ಪೂರ್ತಿ ಖರೆಯಲ್ಲ. ಅಪ್ಪನ ಅಜ್ಜ ತೋಡಿಸಿದ್ದು ಅಗಲವಾದ ಮೆಟ್ಟಿಲು ಬಾವಿ. ಅವರ ಕಾಲ ಮುಗಿದು ನೀರು ಕೆಳಗೆ ಹೋದಾಗ ನಮ್ಮ ಅಜ್ಜ ಆ ಬಾವಿಯ ತಳದಲ್ಲೇ ಇನ್ನೊಂದು ಸಣ್ಣ ಬಾವಿ ತೋಡಿಸಿದರು. ಅದೂ ಬತ್ತಿದಾಗ ಅಪ್ಪ ಅದರ ತಳದಲ್ಲಿ ಮೂರನೆಯದನ್ನು ತೋಡಿಸಿದರು. ಅದು ಎಷ್ಟು ಇಕ್ಕಟ್ಟೆಂದರೆ ಒಳಗೆ ನಿಂತವನು ಕೈ ಚಾಚಿದರೆ ಎರಡೂ ಕಡೆ ಕಲ್ಲು ತಾಗುತ್ತಿತ್ತು. ಮೇಲಿನಿಂದ ಬಗ್ಗಿ ನೋಡಿದರೆ ಮೊದಲನೆಯದು ಬೆಳಕು, ಎರಡನೆಯದು ಮಬ್ಬು, ಮೂರನೆಯದು ಬರೀ ಕಪ್ಪು. ಚಿಕ್ಕಂದಿನಿಂದಲೂ ಆ ಕಪ್ಪಿನ ಕಡೆ ನಾನು ಹೆಚ್ಚು ಹೊತ್ತು ನೋಡುತ್ತಿರಲಿಲ್ಲ.

ನಸ್ರೀನ್ ದಸ್ತಗೀರ ಮಾಮಾನ ಮಗಳು. ದಸ್ತಗೀರ ಮಾಮಾ ಸುತ್ತಿನ ಹತ್ತೂರಲ್ಲಿ ಬಾವಿಯ ಹೂಳು ತೆಗೆಯುವವರು. ಅವರು ಇಳಿಯದ ಬಾವಿ ನಮ್ಮ ಭಾಗದಲ್ಲಿ ಇರಲಿಲ್ಲ. ಮಗಳು ಲೆಕ್ಕದಲ್ಲಿ ಜೋರೆಂದು ಅವರಿಗೆ ಭಾರಿ ಹೆಮ್ಮೆ. ಪರೀಕ್ಷೆ ಮುಗಿದ ಮೇಲೆ ಇಬ್ಬರೂ ಸಾಂಗಲಿಗೆ ಹೋಗಿ ಗಣಿತದಲ್ಲಿ ಬಿ.ಎಸ್ಸಿ. ಮಾಡಬೇಕೆಂದು ನಾವು ನಿಶ್ಚಯ ಮಾಡಿಕೊಂಡಿದ್ದೆವು. ನಮ್ಮ ಅಪ್ಪ ಹೂಂ ಎನ್ನಲು ಒಂದು ತಿಂಗಳು ತೆಗೆದುಕೊಂಡರು. ದಸ್ತಗೀರ ಮಾಮಾ ಕೇಳಿದ ಕೂಡಲೇ ಅಂದಿದ್ದರು, "ನನ್ನ ರಟ್ಟ್ಯಾಗ ಕಸುವು ಇರೂತನಾ ಕಲೀವಾ ನೀ."

ಜತ್ತದ ಕಾಲೇಜಿನಲ್ಲಿ ನಮಗೆ ಗಣಿತ ಹೇಳುತ್ತಿದ್ದವರು ಬಿರಾದಾರ ಸರ್. ಆ ಜನವರಿಯಲ್ಲಿ ಅವರು ಹಲಗೆಯ ಮೇಲೆ ಲಾಗ್ ಬರೆದು, ಅದರ ಕಂಸದೊಳಗೆ ಇನ್ನೊಂದು ಲಾಗ್, ಅದರೊಳಗೆ ಮತ್ತೊಂದು ಲಾಗ್, ಕಟ್ಟಕಡೆಗೆ ಒಂದು ಎಕ್ಸ್ ಬರೆದರು. ಇದನ್ನು ಅವಕಲಿಸಬೇಕು. ಚೈನ್ ರೂಲ್.

"ಹೊರಗಿನದನ್ನ ಮೊದಲ ಬಿಡಸ್ರಿ," ಅಂದರು ಸರ್. "ಅದನ್ನ ಬಿಡಸುವಾಗ ಒಳಗಿನದಕ್ಕ ಕೈ ಹಚ್ಚಬ್ಯಾಡ್ರಿ, ಹ್ಯಾಂಗೈತಿ ಹಂಗ ಇರ್ಲಿ. ಆಮ್ಯಾಲ ಒಳಗಿನದು. ಆಮ್ಯಾಲ ಅದರೊಳಗಿನದು. ಬಂದದ್ದನ್ನೆಲ್ಲಾ ಗುಣಸ್ರಿ."

ನನಗೆ ಎಲ್ಲರಿಗಿಂತ ಮೊದಲು ಕೈ ಎತ್ತುವ ಚಟ. ಒಂದು ಭಾಗಿಸು ಲಾಗ್ ಲಾಗ್ ಎಕ್ಸ್, ಗುಣಿಸು ಒಂದು ಭಾಗಿಸು ಲಾಗ್ ಎಕ್ಸ್ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಕೈ ಎತ್ತಿದೆ. ಸರ್ ನೋಡಿ ಮೀಸೆಯಲ್ಲೇ ನಕ್ಕರು. ಕೊನೆಯದು ಬಿಟ್ಟಿದ್ದೆ. ಲಾಗ್ ಎಕ್ಸನ್ನೂ ಅವಕಲಿಸಿ ಒಂದು ಭಾಗಿಸು ಎಕ್ಸ್ ಎಂದು ಮೂರನೆಯದಾಗಿ ಗುಣಿಸಬೇಕಿತ್ತು. ಮರುದಿನವೂ ಅದೇ ತಪ್ಪು, ಅದರ ಮರುದಿನವೂ ಅದೇ. ಎರಡರ ತನಕ ಹೋಗುವುದು, ಮುಗಿಯಿತೆಂದು ಮೇಲೆ ಬರುವುದು. ಬುದ್ಧಿಯ ಕೊರತೆಯಲ್ಲ, ಅವಸರ. ಅವಸರವನ್ನೇ ಜಾಣತನ ಎಂದುಕೊಂಡಿದ್ದೆ.

ಬಿಡಿಸಿ ಹೇಳಿದವಳು ನಸ್ರೀನ್. ಬೇವಿನ ಕಟ್ಟೆಯ ಮೇಲೆ ಕುಳಿತು ಧೂಳಿನಲ್ಲಿ ಒಂದರೊಳಗೊಂದು ಮೂರು ಸುತ್ತು ಎಳೆದಳು.

"ನಿಮ್ಮ ಬಾವೀನ ನೋಡಲೇ ಸುನಂದಾ. ಇದು ದೊಡ್ಡ ಬಾವಿ, ಹೊರಗಿನ ಲಾಗ್. ಇದು ನಿಮ್ಮ ಅಜ್ಜನ ಬಾವಿ. ಇದು ನಿಮ್ಮಪ್ಪಂದು. ಇದರ ತಳದಾಗ ಎಕ್ಸ್ ಕುಂತೈತಿ. ನಮ್ಮ ಅಬ್ಬಾ ಒಂದೊಂದ ಇಳೀತಾನ, ಒಂದರಾಗ ನಿಂತಾಗ ಮುಂದಿನದನ್ನ ಮುಟ್ಟಂಗಿಲ್ಲ. ಆದ್ರ ತಳ ಮುಟ್ಟಲಾರದ ಮ್ಯಾಲ ಬರಂಗಿಲ್ಲ. ನೀ ತಳ ಮುಟ್ಟಲಾರದ ಮ್ಯಾಲ ಬರ್ತಿ, ಅಷ್ಟ."

ಅಂದು ನನಗೆ ತಿಳಿಯಿತು. ಆಮೇಲೆ ಆ ಲೆಕ್ಕದಲ್ಲಿ ತಪ್ಪಲಿಲ್ಲ. ಶೇಂಗಾ ಕೊಟ್ಟೆ, ತಿಂದೆವು, ನಕ್ಕೆವು.

ಅವಳು ಅಲ್ಲಿಗೇ ಬಿಡುವವಳಲ್ಲ. ಎರಡು ದಿನ ಬಿಟ್ಟು ಲಾಗ್ ಕೋಷ್ಟಕದ ಪುಸ್ತಕ ಹಿಡಿದುಕೊಂಡು ಬಂದಳು. ಎಕ್ಸಿನ ಜಾಗದಲ್ಲಿ ಎರಡನ್ನು ಹಾಕಿ ನೋಡಿದ್ದಳಂತೆ. ನಮ್ಮ ಉತ್ತರದಲ್ಲಿ ಎರಡನ್ನು ಹಾಕಿದರೆ ಸರಿಯಾಗಿ ಒಂದು ಸಂಖ್ಯೆ ಬರುತ್ತದೆ. ಆದರೆ ಮೂಲ ಪ್ರಶ್ನೆಯಲ್ಲೇ ಎರಡನ್ನು ಹಾಕಿ ನೋಡಿದರೆ? ಎರಡರ ಲಾಗ್ ಒಂದಕ್ಕಿಂತ ಕಡಿಮೆ. ಒಂದಕ್ಕಿಂತ ಕಡಿಮೆ ಇದ್ದದ್ದರ ಲಾಗ್ ತೆಗೆದರೆ ಮೈನಸ್. ಮೈನಸ್ ಸಂಖ್ಯೆಗೆ ಲಾಗೇ ಇಲ್ಲ. ಅಂದರೆ ಎರಡರ ಹತ್ತಿರ ಆ ಫಂಕ್ಷನ್ನೇ ಇಲ್ಲ.

"ಅಲ್ಲೆ ಏನೂ ಇಲ್ಲ ಸುನಂದಾ," ಅಂದಳು. "ಖಾಲಿ. ಆದ್ರೂ ಉತ್ತರ ಬರ್ತೈತಿ. ಯಾರೂ ಇಲ್ಲದ ಮನಿ ಬಾಗಿಲಾ ಬಡದ್ರ ಒಳಗಿಂದ ಓ ಅಂದಂಗ."

ನಡು ಮಧ್ಯಾಹ್ನದ ಬಿಸಿಲು, ಮೇಲೆ ಬೇವಿನ ಎಲೆ ಅಲುಗುತ್ತಿದ್ದವು. ಆದರೂ ನನಗೆ ಬೆನ್ನಲ್ಲಿ ಚಳಿ ಬಂದಂತಾಯಿತು. ಅದನ್ನು ಮುಚ್ಚಿಕೊಳ್ಳಲು ರೇಗಿದೆ. "ಪರೀಕ್ಷಾದಾಗ ಅದನ್ನ ಕೇಳಂಗಿಲ್ಲ, ಸುಮ್ನ ಕುಂದ್ರ."

ಅವಳು ಸರ್ ಅವರನ್ನೂ ಕೇಳಿದಳು. ಸರ್ ಹಲಗೆಯ ಮೇಲೆ ಎರಡನ್ನು ಹಾಕಿ ನೋಡಿದರು. "ಖರೆ ಐತಿ ನಸ್ರೀನ. ಮೊದಲ ಒಳಗ ಜೀವ ಐತೋ ಇಲ್ಲೋ ನೋಡಬೇಕು, ಆಮ್ಯಾಲ ಲೆಕ್ಕ. ಅದಕ್ಕ ಪರೀಕ್ಷಾದಾಗ ಗುಣ ಕೊಡಂಗಿಲ್ಲ, ಮಾರ್ಕ್ಸ್ ಇಲ್ಲ. ಆದ್ರ ನೀ ಬರಿ," ಅಂದರು. ನಾನು ಅದನ್ನು ಬರೆದುಕೊಳ್ಳಲಿಲ್ಲ.

ಫೆಬ್ರುವರಿಯ ಎರಡನೆಯ ವಾರ ಬಾವಿ ಹಸನು ಮಾಡುವ ದಿನ ಬಂತು. ಹಿಂದಿನ ದಿನ ಪಂಪು ಹಚ್ಚಿ ಇದ್ದಷ್ಟು ನೀರು ತೆಗೆದಿದ್ದರು. ಮೂರನೆಯ ಬಾವಿಯಲ್ಲಿ ಉಳಿದದ್ದು ವರ್ಷಗಟ್ಟಲೆ ಬಿದ್ದು ಕೊಳೆತ ಬೇವಿನ ಎಲೆ ಮತ್ತು ಕೆಸರು. ಅದರ ವಾಸನೆ ಕಟ್ಟೆಯವರೆಗೂ ಬರುತ್ತಿತ್ತು. ಬೇವಿನಲ್ಲಿ ದಿನಾ ಕೂರುತ್ತಿದ್ದ ಗಿಳಿಗಳು ಅಂದು ಬಂದಿರಲಿಲ್ಲ. ಹಾಗೆಂದು ಈಗ ನೆನಪಾಗುತ್ತದೆ. ಅಂದು ಗಮನಿಸಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಬಾವಿಗೆ ಮನುಷ್ಯ ಇಳಿಯುವ ಮೊದಲು ಉರಿಯುವ ಕಂದೀಲು ಇಳಿಸಬೇಕು. ಕೆಳಗೆ ಕೆಟ್ಟ ಗಾಳಿ ಇದ್ದರೆ ದೀಪ ಆರುತ್ತದೆ. ಇಳಿಯುವವನು ತನ್ನ ದೀಪವನ್ನು ತಾನೇ ಇಳಿಸಬಾರದು. ಬಾವಿ ಯಾರದೋ ಆ ಮನೆಯ ಹೆಣ್ಣುಮಗಳು ಇಳಿಸಬೇಕು. ಕಂದೀಲಿನ ಹಗ್ಗಕ್ಕೆ ಮೂರು ಗಂಟು, ಒಂದೊಂದು ಬಾವಿಯ ತಳಕ್ಕೆ ಒಂದೊಂದು. ಮೂರನೆಯ ಗಂಟು ಕೈಗೆ ಬಂದ ಮೇಲೆ ನೂರು ಎಣಿಸುವವರೆಗೆ ನಿಲ್ಲಬೇಕು. ಆಮೇಲೆ ಇಳಿಯುವವನು ದೀಪ ಇಳಿಸಿದವಳ ಮುಖ ನೋಡಿ ಒಂದು ಸಲ ಕೇಳುತ್ತಾನೆ, ಅವಳು ಹೇಳುತ್ತಾಳೆ. ಅಷ್ಟಾದ ಮೇಲೆ ಮರುಮಾತಿಲ್ಲ.

ಪ್ರತಿವರ್ಷ ಅವ್ವ ಇಳಿಸುತ್ತಿದ್ದಳು. ಆ ವರ್ಷ ಅವಳು ಬೆಳುಂಕಿಗೆ, ತನ್ನ ತಂಗಿಯ ಬಾಣಂತನಕ್ಕೆ ಹೋಗಿದ್ದಳು. "ಸುನಂದಾ, ನೀನ ಇಳಸವಾ," ಅಂದರು ಅಪ್ಪ.

ಅಂದೇ ಕಾಲೇಜಿನಲ್ಲಿ ಸರ್ ಅವರ ಸರಾವ ಪರೀಕ್ಷೆ, ಬೋರ್ಡಿಗಿಂತ ಮೊದಲಿನ ಕೊನೆಯ ಅಭ್ಯಾಸದ ಪರೀಕ್ಷೆ. ಜತ್ತದ ಬಸ್ಸಿಗೆ ಒಂದು ತಾಸು ಇತ್ತು. ನಾನು ತೊಳೆದ ಗಣವೇಷ ಹಾಕಿಕೊಂಡು ತಯಾರಾಗಿದ್ದೆ. ನಸ್ರೀನ್ ತನ್ನ ಅಬ್ಬಾನೊಂದಿಗೇ ಬಂದು ಕಟ್ಟೆಯ ಆಚೆ ಬದಿ ಲೆಕ್ಕದ ವಹಿ ತೆರೆದುಕೊಂಡು ಕುಳಿತಿದ್ದಳು. ನಮ್ಮ ಅಪ್ಪನೂ ನೆರೆಮನೆಯ ಸಿದ್ದಪ್ಪಕಾಕಾನೂ ದಸ್ತಗೀರ ಮಾಮಾನ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದರು.

ನಾನು ಕಂದೀಲು ಹಚ್ಚಿ ರಾಟೆಯ ಮೇಲೆ ಹಗ್ಗ ಬಿಟ್ಟೆ. ಮೊದಲನೆಯ ಗಂಟು ಬಂತು. ಎರಡನೆಯದು ಬಂತು. ಅಲ್ಲಿ ಕಂದೀಲು ಮೂರನೆಯ ಬಾವಿಯ ಅಂಚಿಗೆ ತಾಗಿ ವಾಲಿ ನಿಂತಿತು. ಜಗ್ಗಿದೆ, ಅಲುಗಾಡಿಸಿದೆ, ಬಾಯೊಳಗೆ ಬೀಳಲೊಲ್ಲದು. ಹಗ್ಗದ ಎಣ್ಣೆ ಕೈಗೆ ಮೆತ್ತಿತು, ಗಣವೇಷದ ಬಿಳಿ ತೋಳಿಗೆ ತಾಗಿ ಕಲೆಯಾಯಿತು. ದೀಪ ಉರಿಯುತ್ತಿತ್ತು, ಚೆನ್ನಾಗಿಯೇ ಉರಿಯುತ್ತಿತ್ತು. ಇಲ್ಲಿ ಉರಿದದ್ದು ಇನ್ನೆರಡು ಆಳು ಕೆಳಗೆ ಉರಿಯದೆ ಏನು ಎಂದುಕೊಂಡೆ. ಮೇಲಕ್ಕೆ ಎಳೆದೆ.

"ತಳ ಮುಟ್ಟಿತೇನ?" ವಹಿಯಿಂದ ತಲೆ ಎತ್ತದೆ ನಸ್ರೀನ್ ಕೇಳಿದಳು.

"ಹೂಂ."

ದಸ್ತಗೀರ ಮಾಮಾ ನನ್ನ ಮುಂದೆ ಬಂದು ನಿಂತರು. ತಲೆಗೆ ಕೆಂಪು ಚೌಕದ ವಸ್ತ್ರ, ಬಾಯಲ್ಲಿ ಅಡಿಕೆ. ಪದ್ಧತಿಯಂತೆ ಕೇಳಿದರು. "ದೀಪ ಉರೀತೇನ್ ಯವ್ವಾ?"

"ಉರೀತ್ರಿ ಮಾಮಾ."

ಅವರು ಬಿಸ್ಮಿಲ್ಲಾ ಎಂದು ಮೆಟ್ಟಿಲಿಳಿದರು. ನಾನು ಕೈ ತೊಳೆಯಲು ಹೋದೆ.

ಅವರಿಗೆ ಒಂದೊಂದು ಬಾವಿಯ ತಳ ಮುಟ್ಟಿದಾಗ ಕೂಗಿ ಹೇಳುವ ರೂಢಿ. "ಒಂದು!" ಕೇಳಿಸಿತು. ತುಸು ಹೊತ್ತಿಗೆ "ಎರಡು!" ಕೇಳಿಸಿತು. ನಾನು ತೋಳಿನ ಕಲೆಗೆ ಸಾಬೂನು ಹಚ್ಚುತ್ತ ಮೂರು ಎಂಬುದಕ್ಕೆ ಕಾದೆ. ಸಾಬೂನು ಕೈಯಲ್ಲೇ ಒಣಗತೊಡಗಿತು. ಮೂರು ಬರಲಿಲ್ಲ.

ನಸ್ರೀನ್ ಎದ್ದು ಬಾವಿಯ ಅಂಚಿಗೆ ಬಂದಳು. "ಅಬ್ಬಾ!"

ಕೆಳಗಿನಿಂದ ದನಿ ಬಂತು.

"ಅಂದ ನೋಡವಾ, ಓ ಅಂದ," ಅಂದರು ಅಪ್ಪ, ನಿರಾಳವಾಗಿ.

"ಅದು ಅಬ್ಬಾ ಅಲ್ಲ ಕಾಕಾ," ಅಂದಳು ನಸ್ರೀನ್. "ಅದು ನನ್ನ ದನಿ."

ಆ ಮಾತು ಕೇಳಿದಾಗ ಆದ ಹೆದರಿಕೆಯನ್ನು ನಾನು ಬೇರೆ ಎಲ್ಲೂ ಅನುಭವಿಸಿಲ್ಲ. ಅಪ್ಪ ಹಗ್ಗ ಜಗ್ಗಿದರು. ಮೇಲೆ ಬರಲೊಲ್ಲದು. ಮೂರನೆಯ ಬಾವಿಯ ಅಂಚಿನಲ್ಲಿ ಎಲ್ಲೋ ಸಿಕ್ಕಿತ್ತು. "ಹಿಡ್ಕೋ ಸಿದ್ದಪ್ಪಾ, ನಾ ಹೋಗ್ತೇನಿ," ಎಂದು ಅಪ್ಪ ಧೋತರ ಎತ್ತಿ ಕಟ್ಟಿ ಮೆಟ್ಟಿಲಿಗೆ ಕಾಲಿಟ್ಟರು. ಅವರು ತಳದವರೆಗೆ ಇಳಿಯುತ್ತಾರೆಂದು ನನಗೆ ಗೊತ್ತಿತ್ತು. ಇಳಿದರೆ ಮೇಲೆ ಬರುವುದಿಲ್ಲವೆಂದೂ ಗೊತ್ತಿತ್ತು.

"ಅಪ್ಪಾ, ಎರಡನೇದರ ತನಕ ಅಷ್ಟ ಹೋಗ್ರಿ!" ಎಂದು ಚೀರಿದೆ. "ಅಲ್ಲೀ ತನಕ ಗಾಳಿ ಐತಿ. ಮೂರನೇದಕ್ಕ ಇಳೀಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ!"

ಅಪ್ಪ ನಿಂತು ತಿರುಗಿ ನೋಡಿದರು. "ನಿನಗ ಹ್ಯಾಂಗ ಗೊತ್ತ?"

ನಸ್ರೀನ್ ನನ್ನನ್ನು ನೋಡಲಿಲ್ಲ. ನನ್ನ ಕಾಲ ಬಳಿ ಸುತ್ತಿ ಬಿದ್ದಿದ್ದ ಕಂದೀಲಿನ ಹಗ್ಗವನ್ನು ನೋಡುತ್ತಿದ್ದಳು.

ಅಪ್ಪ ಎರಡನೆಯ ಬಾವಿಯ ತಳದಲ್ಲಿ ನಿಂತು, ಬಗ್ಗಿ, ಸಿಕ್ಕ ಹಗ್ಗ ಬಿಡಿಸಿದರು. ಸಿದ್ದಪ್ಪಕಾಕಾ, ನಾನು, ನಸ್ರೀನ್ ಮೂವರೂ ಮೇಲಿನಿಂದ ಜಗ್ಗಿದೆವು. ಮಾಮಾ ಮೇಲೆ ಬಂದಾಗ ಬಾಯಲ್ಲಿ ಕೆಸರು ತುಂಬಿತ್ತು, ತುಟಿ ನೀಲಿಗಟ್ಟಿದ್ದವು. ಅಡಿಕೆ ಇನ್ನೂ ದವಡೆಯಲ್ಲೇ ಇತ್ತು. ಅಪ್ಪನೂ ಕಾಕಾನೂ ಅವರನ್ನು ಮಗ್ಗುಲಿಗೆ ಹೊರಳಿಸಿ, ಬಾಯಿ ಹಸನು ಮಾಡಿ, ಎದೆ ಒತ್ತಿದರು. ಬಹಳ ಹೊತ್ತಿನ ಮೇಲೆ ಒಂದು ಉಸಿರು ಬಂತು. ಜೀಪಿನಲ್ಲಿ ಜತ್ತಕ್ಕೆ ಒಯ್ದರು. ನಮ್ಮ ಬಸ್ಸು ಆ ಹೊತ್ತಿಗೆ ಹೋಗಿಯಾಗಿತ್ತು.

ಮಾಮಾ ಬದುಕಿದರು. ಆದರೆ ಕೆಳಗೆ ಉಸಿರಿಲ್ಲದೆ ಕಳೆದ ಹೊತ್ತು ಅವರ ತಲೆಯಿಂದ ಏನೇನನ್ನೋ ತೆಗೆದುಕೊಂಡಿತ್ತು. ಉಂಡದ್ದು ನೆನಪಿರುತ್ತಿರಲಿಲ್ಲ, ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಊರವರು ತಾವೇ ಒಂದು ಕಾರಣ ಹುಡುಕಿದರು. "ಕೆಸರು ಕದಡಿದ ಮ್ಯಾಲ ಗಾಳಿ ಕೆಟ್ಟಿರಬೇಕು, ದೀಪ ಏನ ಮಾಡೀತು," ಅಂದರು. ಅಪ್ಪ ಎರಡನೆಯ ಸಲ ನನ್ನನ್ನು ಕೇಳಲಿಲ್ಲ. ಕಂದೀಲನ್ನು ಕೊಟ್ಟಿಗೆಯ ಮೊಳೆಗೆ ತೂಗುಹಾಕಿದರು. ಅದನ್ನು ಮತ್ತೆ ಯಾರೂ ಹಚ್ಚಲಿಲ್ಲ.

ಬೋರ್ಡ್ ಪರೀಕ್ಷೆಗೆ ನಸ್ರೀನ್ ಬಂದಳು. ಗಣಿತದ ಪತ್ರಿಕೆಯಲ್ಲಿ ಆ ಲೆಕ್ಕವೇ ಇತ್ತು, ಲಾಗಿನೊಳಗೆ ಲಾಗ್, ಅದರೊಳಗೆ ಲಾಗ್. ನಾನು ತಳ ಮುಟ್ಟಿ ಬರೆದೆ. ಪತ್ರಿಕೆ ಮುಗಿದ ಮೇಲೆ ಜತ್ತದ ಬಸ್ ನಿಲ್ದಾಣದಲ್ಲಿ ಇಬ್ಬರೂ ಮುಚ್ಚಂಡಿ ಬಸ್ಸಿಗೆ ನಿಂತಿದ್ದೆವು. ಮೂರು ವಾರದಲ್ಲಿ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

"ಎಷ್ಟನೇ ಗಂಟು?"

"ಎರಡನೇದು," ಅಂದೆ.

ಅವಳು ತಲೆ ಆಡಿಸಿದಳು, ಲೆಕ್ಕದ ಉತ್ತರ ತಾಳೆ ನೋಡಿದವಳ ಹಾಗೆ. ಬಸ್ಸು ಬಂತು. ಅವಳು ಮುಂದಿನ ಸೀಟಿನಲ್ಲಿ ಕುಳಿತಳು, ನಾನು ಹಿಂದೆ ಕುಳಿತೆ.

ಗಣಿತದಲ್ಲಿ ಅವಳಿಗೆ ನನಗಿಂತ ನಾಲ್ಕು ಗುಣ ಹೆಚ್ಚು ಬಂದಿದ್ದವು. ನಾನು ಸಾಂಗಲಿಗೆ ಹೋದೆ. ಅವಳು ಹೊಲಿಗೆ ಕಲಿತಳು. ಮನೆ ನಡೆಸುವ ರಟ್ಟೆ ಹೋಗಿತ್ತಲ್ಲ.

ಈಗ ನಾನೇ ಬಾರಾವಿ ಮಕ್ಕಳಿಗೆ ಚೈನ್ ರೂಲ್ ಹೇಳುತ್ತೇನೆ. ಅದನ್ನು ಹೇಳಬೇಕಾದವಳು ನಾನಲ್ಲ ಎಂಬುದು ಪ್ರತಿವರ್ಷ ಆ ಪಾಠದ ದಿನ ಎದೆಗೆ ಬಂದು ಕೂರುತ್ತದೆ. ಮೂರು ಲಾಗ್ ಬರೆದ ಕೂಡಲೇ ಮೊದಲು ಒಳಗೆ ಏನಿದೆ ನೋಡಿರಿ ಎನ್ನುತ್ತೇನೆ. ಎರಡನ್ನು ಹಾಕಿಸುತ್ತೇನೆ. "ಮಿಸ್, ಇದಕ್ಕ ಗುಣ ಇಲ್ಲಲ್ರಿ," ಎಂದು ಯಾರಾದರೊಬ್ಬರು ಅಂದೇ ಅನ್ನುತ್ತಾರೆ. ಅವರಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುವ ಒಂದು ಮಗು ಇದ್ದೇ ಇರುತ್ತದೆ. ಅದನ್ನು ನೋಡಿದರೆ ನನಗೆ ಭಯವಾಗುತ್ತದೆ.

ಊರಿನ ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿದ್ದಾರೆ. ಮನೆಗೆ ನಳದ ನೀರು ಬರುತ್ತದೆ. ಬೇವಿನ ಕಟ್ಟೆಯ ಮೇಲೆ ಕೂತು ಓದುವವರಿಲ್ಲ, ಹರಳಾಟ ಆಡುವವರಿಲ್ಲ. ಇವೆಲ್ಲ ಹೋಗುವಂಥವೇ, ಎಲ್ಲರ ಊರಲ್ಲೂ ಹೋಗಿವೆ. ನನ್ನ ಕೈಯಾರೆ ಹೋದದ್ದು ಬೇರೆ. ಧೂಳಿನಲ್ಲಿ ಮೂರು ಸುತ್ತು ಎಳೆದು, ತಪ್ಪಿದ್ದಕ್ಕೆ ಶೇಂಗಾ ಕಸಿದುಕೊಂಡು ನಗುತ್ತಿದ್ದ ಆ ಹುಡುಗಿ.

ಜತ್ತದ ಪೇಟೆಯಲ್ಲಿ ನಸ್ರೀನಳ ಹೊಲಿಗೆ ಅಂಗಡಿ ಇದೆ. ರಜೆಗೆ ಊರಿಗೆ ಹೋದಾಗಲೆಲ್ಲ ಕುಬಸದ ಬಟ್ಟೆಯ ನೆಪ ಮಾಡಿಕೊಂಡು ಹೋಗುತ್ತೇನೆ. ಅವಳು ಅಳತೆ ತೆಗೆದುಕೊಳ್ಳುತ್ತಾಳೆ, ಯಾವತ್ತು ಬೇಕೆಂದು ಕೇಳುತ್ತಾಳೆ, ಅಷ್ಟೇ. ಬಾಗಿಲ ಬಳಿ ಸ್ಟೂಲಿನ ಮೇಲೆ ದಸ್ತಗೀರ ಮಾಮಾ ಕುಳಿತಿರುತ್ತಾರೆ. ಮಗಳ ಹೆಸರನ್ನೇ ಎಷ್ಟೋ ಸಲ ಮರೆಯುವ ಅವರಿಗೆ ನನ್ನ ಮುಖ ಮಾತ್ರ ಗುರುತು ಸಿಗುತ್ತದೆ. ನನ್ನನ್ನು ಕಂಡೊಡನೆ ಪ್ರತಿ ಸಲವೂ ಒಂದೇ ಮಾತು ಕೇಳುತ್ತಾರೆ. ಇಷ್ಟು ವರ್ಷವೂ ನಾನು ಅದೇ ಉತ್ತರ ಕೊಟ್ಟಿದ್ದೆ. ಕಾಯಿಲೆಯ ಮುದುಕನಿಗೆ ಸಮಾಧಾನವಾಗಲಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಈ ಸಲವೂ ಕೇಳಿದರು.

"ದೀಪ ಉರೀತೇನ್ ಯವ್ವಾ?"

ಒಳಗೆ ನಸ್ರೀನಳ ಹೊಲಿಗೆ ಮಷೀನು ನಿಂತಿತು. ಪ್ರತಿ ಸಲವೂ ಈ ಮಾತಿಗೆ ಅದು ನಿಲ್ಲುತ್ತದೆ. ನಾನು ಅವರ ಮುಂದೆ ನೆಲದ ಮೇಲೆ ಕುಳಿತೆ.

"ಇಲ್ರಿ ಮಾಮಾ," ಅಂದೆ. "ತಳಕ್ಕ ಇಳಸಿಲ್ರಿ ನಾ."

ಅವರು ನನ್ನ ಮುಖ ನೋಡಿದರು. ಆಮೇಲೆ ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು.

"ಹಂಗಾದ್ರ ಇವತ್ತ ನಾ ಇಳ್ಯಂಗಿಲ್ಲವಾ," ಅಂದರು. "ನಾಳಿಗಿ ನೋಡೂಣು."

ಒಳಗೆ ಮಷೀನು ಇನ್ನೂ ನಿಂತೇ ಇತ್ತು.